ಸ್ವಯಂಭೂನಾಥದ ಕೋತಿಗಳು

ಕಠ್ಮಂಡುವಿನ ಪಶ್ಚಿಮಕ್ಕೆ, ಗುಡ್ಡದ ನೆತ್ತಿಯಲ್ಲಿ ಸ್ವಯಂಭೂನಾಥ ಸ್ತೂಪ. ಪೂರ್ವದಿಕ್ಕಿನ ಕಡಿದಾದ 365 ಮೆಟ್ಟಿಲು ಹತ್ತುವಾಗಲೇ, ಕಂಬಿಯ ಮೇಲೆ ಜಾರುತ್ತಾ ಬರುವ ಮರಿಕೋತಿಗಳು ಎದುರಾಗುತ್ತವೆ.

ಕೆಂಪು ಮೂತಿ, ಗಿಡ್ಡ ಬಾಲ: ಇವು ರೀಸಸ್ ಕೋತಿಗಳು. ನಮ್ಮ ಊರುಗಳ ಉದ್ದಬಾಲದ ಮಂಗಗಳಿಗೆ ಹತ್ತಿರದ ನೆಂಟರು.

ಬೋಧಿಸತ್ವ ಮಂಜುಶ್ರೀಯ ತಲೆಯ ಹೇನುಗಳೇ ಕೋತಿಗಳಾದವಂತೆ! ಆ ಐತಿಹ್ಯದಿಂದಲೇ ಇವುಗಳಿಗಿಲ್ಲಿ ಪೂಜ್ಯ ಸ್ಥಾನ. ಸ್ತೂಪದ ಪಕ್ಕದ ಹಾರತಿ ದೇವಿಯ ಗುಡಿಯಲ್ಲಿ ಹಿಂದೂಗಳೂ ಬೌದ್ಧರೂ ಕೈಮುಗಿಯುತ್ತಾರೆ. ಭಕ್ತರು ಚೆಲ್ಲಿದ ಅಕ್ಕಿಯನ್ನು ಕೋತಿಗಳು ಪುಟ್ಟ ಬೆರಳುಗಳಿಂದ ಒಂದೊಂದೇ ಕಾಳಾಗಿ ಹೆಕ್ಕಿ, ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತವೆ. ನಿಂತು ನೋಡಲೇಬೇಕಾದ ದೃಶ್ಯ.

1979ರಿಂದ ಸ್ವಯಂಭೂನಾಥ ವಿಶ್ವ ಪರಂಪರೆಯ ತಾಣದ ಭಾಗ.

ಹೋದರೆ ಕೈಯಲ್ಲಿ ತಿಂಡಿ ಹಿಡಿಯಬೇಡಿ, ಕೋತಿಗಳನ್ನು ದಿಟ್ಟಿಸಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ.