ಬಡಗ ನುಡಿಯ ನಂಟು ಎಲ್ಲಿಯದು?

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಹಾದು ನೀಲಗಿರಿ ಏರಿದರೆ ಬಡಗರ ಹಟ್ಟಿಗಳು ಸಿಗುತ್ತವೆ. ಅವರ ಮಾತು ನಮಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಅದು ಕನ್ನಡವೋ, ಕನ್ನಡದಿಂದ ಕವಲೊಡೆದ ಬೇರೆ ನುಡಿಯೋ? 2011ರ ಜನಗಣತಿಯಂತೂ ಸುಮಾರು 1.33 ಲಕ್ಷ ಬಡಗ ಮಾತುಗಾರರನ್ನು ಕನ್ನಡದ ಲೆಕ್ಕಕ್ಕೇ ಸೇರಿಸಿಬಿಟ್ಟಿದೆ.

ನಾಲ್ಕು ಪದ ಹೋಲಿದ ಮಾತ್ರಕ್ಕೆ ಎರಡು ನುಡಿಗಳು ಒಂದೇ ಕುಲದವು ಆಗುವುದಿಲ್ಲ. ನೆರೆಯವರು ಪದಗಳನ್ನು ಎರವಲು ಪಡೆಯುವುದುಂಟು. ಬೇಕಾದದ್ದು ಧ್ವನಿಗಳ ಕ್ರಮಬದ್ಧ ಬದಲಾವಣೆ. ಹಳಗನ್ನಡದ ಪಾಲ್, ಪಲ್ ಮುಂದೆ ಹಾಲು, ಹಲ್ಲು ಆದವು. ತಮಿಳಿನಲ್ಲೂ ನೀಲಗಿರಿಯ ಕೋತ ನುಡಿಯಲ್ಲೂ ಪಕಾರ ಹಾಗೇ ಉಳಿಯಿತು. ಬಡಗರಿಗೆ ಮಾತ್ರ ಹಾಲು ಹಾಲೇ. ಕನ್ನಡದಲ್ಲಿ ಈ ಬದಲಾವಣೆ ಹಬ್ಬಿದ್ದು ಸುಮಾರು 10ನೇ ಶತಮಾನದ ಈಚೆಗೆ. ಬಡಗ ಬೇರೆಯಾದದ್ದು ಅದಕ್ಕೂ ನಂತರ ಎಂದೇ ತೋರುತ್ತದೆ. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದೆವು ಎಂಬ ಬಡಗರ ಐತಿಹ್ಯಕ್ಕೂ ಇದು ಹೊಂದುತ್ತದೆ.

ಆದರೆ ಬೆಟ್ಟದ ಮೇಲೆ ಅದು ತನ್ನದೇ ದಾರಿ ಹಿಡಿಯಿತು. 1935ರಿಂದ ಮೂರು ವರ್ಷ ಭಾರತದಲ್ಲಿದ್ದು ತೊದ, ಕೋತ, ಬಡಗ ನುಡಿಗಳನ್ನು ದಾಖಲಿಸಿದ ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1939ರಲ್ಲಿ ಬಡಗದ ಸ್ವರಗಳ ಬಗ್ಗೆ ಬರೆದರು. ಬಾಯಿ, ಬಳೆ, ಬೆಳೆ ಎಂಬ ಮೂರು ಅರ್ಥಗಳಿಗೂ ಅಲ್ಲಿ ಬಹುತೇಕ 'ಬೆ' ಎಂಬ ಒಂದೇ ಉಚ್ಚಾರ. ಬಾಯಿಗೆ ನಾಲಿಗೆ ಮಡಚದೆ, ಬಳೆಗೆ ತುಸು ಮಡಚಿ, ಬೆಳೆಗೆ ಪೂರ್ತಿ ಮಡಚಿ ನುಡಿಯಬೇಕು. ನಮ್ಮ ಳಕಾರ ಅಲ್ಲಿ ಸ್ವರದೊಳಗೆ ಕರಗಿದೆ! ಜಗತ್ತಿನ ನುಡಿಗಳಲ್ಲೇ ಇದು ಬಲು ಅಪರೂಪ. ಇದನ್ನು ಬರಿಯ ಉಪಭಾಷೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗದು.

ಹೋಲಿಕೆ ಕಂಡಲ್ಲಿ ಕುಲದ ನಂಟನ್ನು ಊಹಿಸುವ ಅಪಾಯ ದೊಡ್ಡ ವಿದ್ವಾಂಸರಿಗೂ ತಪ್ಪಿದ್ದಲ್ಲ. ಎಮೆನೋ ಅವರ ಗುರುಗಳಲ್ಲಿ ಒಬ್ಬರಾದ ಎಡ್ವರ್ಡ್ ಸಪೀರ್ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ವಾಕಾಷನ್ ಕುಟುಂಬದ ನೂಟ್ಕಾ ನುಡಿಯನ್ನು ಅಭ್ಯಾಸ ಮಾಡಿದವರು. ವಾಕಾಷನ್, ಸೇಲಿಷ್, ಚಿಮಾಕುವನ್ ಎಂಬ ಮೂರೂ ನುಡಿಕುಟುಂಬಗಳು ಒಂದೇ ಮೂಲದವು ಎಂದು 1929ರಲ್ಲಿ ಅವರು ಊಹಿಸಿದರು. ಆ ಸಾಮ್ಯ ಬಹುಕಾಲದ ನೆರೆಹೊರೆಯಿಂದ ಬಂದದ್ದು ಎಂಬುದು ಇಂದಿನ ಹೆಚ್ಚಿನ ವಿದ್ವಾಂಸರ ಮತ. ನೆರೆಹೊರೆಯ ಈ ಬಲವನ್ನು ಭಾರತದ ಮಟ್ಟಿಗೆ ತೋರಿಸಿಕೊಟ್ಟವರು ಶಿಷ್ಯ ಎಮೆನೋ, 1956ರ ಪ್ರಬಂಧದಲ್ಲಿ.

ಬಡಗದ ಮಡಚುಸ್ವರಗಳು ಇಂದು ಹಲವರ ಮಾತಿನಲ್ಲಿ ಮಾಸಿವೆ. ನಮ್ಮ ಚಾಮರಾಜನಗರ ಜಿಲ್ಲೆಯ ಸೋಲಿಗರ, ಜೇನುಕುರುಬರ ನುಡಿಗಳ ಮೇಲೂ ಶಾಲೆಯ ಕನ್ನಡದ ಒತ್ತಡವಿದೆ. ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳು ಅವರು ನೆಲೆಸಿರುವ ಹಾಡಿಗಳಿಗೆ, ಪೋಡುಗಳಿಗೆ ಹೋಗಿ ಹಿರಿಯರ ಒಪ್ಪಿಗೆ ಪಡೆದು ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ. ಈ ಕೆಲಸ ಈಗಲೇ ಆಗಬೇಕು.