ಮಂಟಪದಲ್ಲಿ ಉಳಿದ ಪಿಟೀಲಿನವನು

ಗೆಳತಿಯ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಗೈಯಗಲದ ಕಾರ್ಡೊಂದನ್ನು ಅಂಟಿಸಿದ್ದಾರೆ. ಪಾರ್ಕಿನ ಬೆಂಚು, ಬೆಂಚಿನ ಮೇಲೆ ಇಬ್ಬರು. ಅವನಿಗೆ ಗುಂಡು ಟೋಪಿ, ಕತ್ತಿನವರೆಗೆ ಇಳಿದ ಕೂದಲು. ಅವಳಿಗೆ ಎತ್ತಿ ಕಟ್ಟಿದ ಜುಟ್ಟು, ಚುಕ್ಕೆಯಷ್ಟೇ ಬಾಯಿ. ಮಾತಿಲ್ಲ, ಅಡಿಬರಹವೂ ಇಲ್ಲ. ಹಾಲು ತೆಗೆಯಲು ಹೋದವಳು ಬಾಗಿಲು ತೆರೆಯುವುದನ್ನೇ ಮರೆತು ನಿಂತೆ.

ಫ್ರಾನ್ಸಿನ ಚಿತ್ರಗಾರ ರೇಮೊಂ ಪೇನೆ ಬರೆದ ಪ್ರೇಮಿಗಳು ಇವರು. ಈ ಜೋಡಿ ಹುಟ್ಟಿದ್ದು 1942ರಲ್ಲಿ, ಯುದ್ಧದ ನಡುವೆ. ಪ್ಯಾರಿಸ್ಸಿನಲ್ಲಿ ಜರ್ಮನ್ ಸೈನಿಕರು ಠಿಕಾಣಿ ಹೂಡಿದ್ದ ಕಾಲ. ದಕ್ಷಿಣದ ವಾಲಾಂಸ್ ಎಂಬ ಊರಿಗೆ ಹೋಗಿದ್ದ ಪೇನೆ ಅಲ್ಲಿನ ವಾದ್ಯಮಂಟಪದ ಎದುರು ಬೆಂಚಿನ ಮೇಲೆ ಕುಳಿತಿದ್ದರು. ನಮ್ಮ ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅಂಥದ್ದೇ. ಕಣ್ಣೆದುರಿನ ಮಂಟಪವನ್ನು ಗೀಚುತ್ತಾ ಅದರೊಳಗೆ ಒಬ್ಬ ಪಿಟೀಲಿನವನನ್ನು ನಿಲ್ಲಿಸಿದರು. ಉಳಿದ ವಾದ್ಯದವರನ್ನೆಲ್ಲ ‘ನೀವು ಹೊರಡಿ, ಮಿಕ್ಕಿದ್ದನ್ನು ನಾನೇ ಮುಗಿಸ್ತೀನಿ’ ಅಂತ ಕಳಿಸಿಬಿಟ್ಟವನು ಅವನು. ಕೇಳಲು ಇರುವವಳು ಒಬ್ಬಳೇ, ಪುಟ್ಟ ಹೆಂಗಸು. ಕಚೇರಿ ಮುಗಿಯಲಿ ಎಂದು ಕಾಯುತ್ತಿದ್ದಾಳೆ.

ಪೇನೆ ಈ ಚಿತ್ರಕ್ಕೆ ಇಟ್ಟ ಹೆಸರು ‘ಅಪೂರ್ಣ ಅರ್ಧ ಸಿಂಫನಿ’. ಚಿತ್ರ ಅಚ್ಚಾದ ಪತ್ರಿಕೆಯ ಮ್ಯಾಕ್ಸ್ ಫವಲೆಲ್ಲಿ ಅದನ್ನು ಹೊಡೆದುಹಾಕಿ ‘ಪೇನೆಯ ಪ್ರೇಮಿಗಳು’ ಎಂದು ಬರೆದರು. ಶೀರ್ಷಿಕೆ ತಿದ್ದುವ ಚಾಳಿಯಿಂದ ಒಮ್ಮೊಮ್ಮೆ ಒಳ್ಳೆಯದೂ ಆಗುತ್ತದೆ! ಪಿಟೀಲಿನವನು ಮುಂದೆ ಕವಿಯಾದ. ಅವಳು ಅವಳಾಗಿಯೇ ಉಳಿದಳು.

ಅವಳು ಯಾರು ಎಂದು ದೂರ ಹುಡುಕಬೇಕಿಲ್ಲ. 1930ರಲ್ಲಿ ಪೇನೆ ಮದುವೆಯಾದ ಹುಡುಗಿಯ ಹೆಸರು ದೆನೀಜ್ ದಾಮೂರ್. ಫ್ರೆಂಚ್ ಕಿವಿಗೆ ಆ ಮನೆತನದ ಹೆಸರು ‘ಪ್ರೇಮದ’ ಎಂದೇ ಕೇಳಿಸುತ್ತದೆ. ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಆಮೇಲೆ ಈ ಪ್ರೇಮಿಗಳು ಏನೇನೋ ಆದರು: ಗೊಂಬೆ, ಪಿಂಗಾಣಿ ತಟ್ಟೆ, 1985ರಲ್ಲಿ ಅಂಚೆಚೀಟಿ. ಫ್ರಾನ್ಸಿನ ಆಂಟೀಬ್‌ನಲ್ಲೊಂದು, ಜಪಾನಿನ ಕರುಯಿಜಾವಾದಲ್ಲೊಂದು ಮ್ಯೂಸಿಯಂ. ಸಕ್ಕರೆ ಜಾಸ್ತಿಯಾಯಿತು ಎನ್ನುವವರಿದ್ದಾರೆ. ಒಂದೇ ಸಲ ಐವತ್ತು ಚಿತ್ರ ನೋಡಿದರೆ ನನಗೂ ಹಾಗೇ ಅನಿಸುತ್ತದೆ. ಇವು ದಿನಕ್ಕೊಂದರಂತೆ ನೋಡುವಂಥವು, ಫ್ರಿಜ್ಜಿನ ಬಾಗಿಲೇ ಸರಿಯಾದ ಜಾಗ. ಈಗ ಆ ಕೆಲಸ ಮೊಬೈಲಿಗೆ ಹೋಗಿದೆ. ಪೂಂಗ್ ಎಂಬ ಹೆಸರಿನ ಕೊರಿಯಾದ ಚಿತ್ರಗಾರ್ತಿಯ ಜೋಡಿ ಪಾರ್ಕಿನ ಬೆಂಚು ಬಿಟ್ಟು ಮನೆ ಸೇರಿದೆ. ಅಡುಗೆ ಮಾಡುತ್ತದೆ, ಒರಗಿಕೊಂಡು ನಿದ್ದೆ ಹೋಗುತ್ತದೆ. ಮಾತು ಅಲ್ಲಿಯೂ ಇಲ್ಲವೆನ್ನುವಷ್ಟು ಕಡಿಮೆ.

ಪೇನೆ 1999ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ವಾಲಾಂಸ್‌ನ ಮಂಟಪ ಮಾತ್ರ ಹಾಗೇ ಇದೆ. 1982ರಲ್ಲಿ ಸರ್ಕಾರ ಅದನ್ನು ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಕಾಳಗ ನಡೆದದ್ದಕ್ಕಲ್ಲ, ದೊರೆಗಳು ಬಂದು ಭಾಷಣ ಮಾಡಿದ್ದಕ್ಕಲ್ಲ. ಎದುರಿಗೆ ಕುಳಿತು ಒಬ್ಬರು ಚಿತ್ರ ಬರೆದಿದ್ದರು. ಊರವರು ಇವತ್ತಿಗೂ ಅದನ್ನು ಪೇನೆ ಮಂಟಪವೆಂದೇ ಕರೆಯುತ್ತಾರೆ.