ಸ್ಟಾರ್ ಟ್ರೆಕ್, ಸ್ಟಾರ್ ವಾರ್ಸ್: ಇದು ದಾಯಾದಿ ಜಗಳ

ಸ್ಟಾರ್ ಟ್ರೆಕ್ ಮೇಲೋ, ಸ್ಟಾರ್ ವಾರ್ಸ್ ಮೇಲೋ ಅಂತ ಅಭಿಮಾನಿಗಳು ದಶಕಗಳಿಂದ ಜಟಾಪಟಿ ನಡೆಸ್ತಾನೇ ಇದ್ದಾರೆ. ಆದರೆ ಇವೆರಡೂ ಹುಟ್ಟಾ ವೈರಿಗಳು ಅನ್ನೋ ವಾದ ಇತಿಹಾಸದ ಮುಂದೆ ನಿಲ್ಲಲ್ಲ. 1966ರಲ್ಲಿ ಅಮೆರಿಕದ ಟಿವಿಯಲ್ಲಿ ಶುರುವಾದ ಟ್ರೆಕ್ ಮೂರೇ ಸೀಸನ್‌ಗೆ ನಿಂತುಹೋಯ್ತು. ಪ್ಯಾರಾಮೌಂಟ್ ಅದನ್ನ ಮತ್ತೆ ಧಾರಾವಾಹಿಯಾಗಿ ತರೋ ತಯಾರಿಯಲ್ಲಿದ್ದಾಗಲೇ, 1977ರಲ್ಲಿ ಸ್ಟಾರ್ ವಾರ್ಸ್ ಗಲ್ಲಾಪೆಟ್ಟಿಗೆ ಕೊಳ್ಳೆ ಹೊಡೀತು. ಬಾಹ್ಯಾಕಾಶದ ಕಥೆಗೂ ಜನ ಥಿಯೇಟರ್‌ಗೆ ನುಗ್ತಾರೆ ಅಂತ ಖಾತ್ರಿಯಾದ ಮೇಲೆ ಧಾರಾವಾಹಿ ಯೋಜನೆ ಮೂಲೆ ಸೇರಿ, 1979ರಲ್ಲಿ ಟ್ರೆಕ್ ಬೆಳ್ಳಿತೆರೆಗೆ ಬಂತು. 1982ರ ಎರಡನೇ ಟ್ರೆಕ್ ಚಿತ್ರದಲ್ಲಿ ಬರಡು ಗ್ರಹವೊಂದು ಬೆಂಕಿ ಹೊತ್ತಿ, ಬೆಟ್ಟ ಎದ್ದು, ನೀರು ತುಂಬಿ ಜೀವ ತಳೆಯೋ ಸುಮಾರು ಒಂದು ನಿಮಿಷದ ದೃಶ್ಯ ಇದೆ. ಪೂರ್ತಿ ಕಂಪ್ಯೂಟರ್‌ನಲ್ಲೇ ಮಾಡಿದ್ದು. ಮಾಡಿದವರು ಯಾರು? ಸ್ಟಾರ್ ವಾರ್ಸ್‌ನ ಜಾರ್ಜ್ ಲೂಕಾಸ್ ಕಂಪನಿಯವರು! ಅದೇ ಕಂಪ್ಯೂಟರ್ ವಿಭಾಗ ಮುಂದೆ ಪಿಕ್ಸಾರ್ ಆಯ್ತು.

ಟ್ರೆಕ್‌ನಲ್ಲಿ ವಿಜ್ಞಾನ ಇದೆ, ವಾರ್ಸ್ ಬರೀ ಅಜ್ಜಿಕಥೆ ಅಂತ ಆಕ್ಷೇಪ ಬರುತ್ತೆ. ವಾರ್ಸ್‌ನ ನೌಕಾ ಚಾಲಕ ಹಾನ್ ಸೋಲೋ ತನ್ನ ನೌಕೆಯ ವೇಗದ ಬಗ್ಗೆ ಕೊಚ್ಚಿಕೊಳ್ಳುವಾಗ ದೂರದ ಅಳತೆಯಾದ ಪಾರ್ಸೆಕ್ ಲೆಕ್ಕ ಹೇಳ್ತಾನೆ, ನಿಜ. ಆದರೆ ಜನರನ್ನ ನೌಕೆಯಿಂದ ಗ್ರಹಕ್ಕೆ ಕ್ಷಣದಲ್ಲಿ ಸಾಗಿಸೋ ಟ್ರೆಕ್‌ನ ಟ್ರಾನ್ಸ್‌ಪೋರ್ಟರ್ ಹುಟ್ಟಿದ್ದೂ ಭೌತಶಾಸ್ತ್ರದಿಂದಲ್ಲ. ವಾರವಾರ ನೌಕೆ ಇಳಿಸೋ ದೃಶ್ಯಕ್ಕೆ ದುಡ್ಡು ಸಾಲದೆ. ಟ್ರೆಕ್ ಹೆಚ್ಚು ಪ್ರಶ್ನೆ ಎತ್ತುತ್ತೆ ಅನ್ನೋದು ಒಪ್ಪುವ ಮಾತೇ. ಅದು ಬಹುಮಟ್ಟಿಗೆ ಟಿವಿಯ ಕೊಡುಗೆ: 79 ಕಂತಿನಲ್ಲಿ ವಾದ ಮಾಡೋಕೆ ಸಮಯ ಸಿಗುತ್ತೆ, ಎರಡು ಗಂಟೆ ಸಿನಿಮಾದಲ್ಲಿ ಸಿಗಲ್ಲ. 2022ರ 'ಆ್ಯಂಡೊರ್' ಸರಣಿ ನೋಡಿ. ಕಂತುಗಳು ಕೈಗೆ ಸಿಕ್ಕಾಗ ಸ್ಟಾರ್ ವಾರ್ಸ್ ಕೂಡ ಲೈಟ್‌ಸೇಬರ್ ಅನ್ನೋ ಬೆಳಕಿನ ಕತ್ತಿ ಬದಿಗಿಟ್ಟು, ಕೈದಿಗಳು ಶಿಫ್ಟ್ ಲೆಕ್ಕದಲ್ಲಿ ದುಡಿಯೋ ಜೈಲನ್ನೂ, ಸಾಮ್ರಾಜ್ಯದ ಅಧಿಕಾರಿಗಳ ಮೀಟಿಂಗ್‌ಗಳನ್ನೂ ಸಾವಧಾನವಾಗಿ ತೋರಿಸ್ತು.